ದೆವ್ವ ಬರುವ ಮೊದಲಿನ ಎರಡು ನಿಮಿಷ

ಕಾಲೇಜಿನಲ್ಲಿದ್ದಾಗ ನಾವು ಐದು ಜನ ಸೇರಿ ಮಾಡಿದ ಮೊದಲ ಹಾರರ್ ಕಿರುಚಿತ್ರ ಶುರುವಾಗುತ್ತಿದ್ದದ್ದು ಹೀಗೆ: ಬಾಡಿಗೆಗೆ ತಂದ ಡ್ರೋನಿನಲ್ಲಿ ಅಡಿಕೆ ತೋಟ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಗುಡುಗು, ಕೆಂಪು ಅಕ್ಷರದಲ್ಲಿ ಎಲ್ಲರ ಹೆಸರು, ಆಮೇಲೆ ಒಬ್ಬಳು ಹುಡುಗಿ ಕಿರುಚುತ್ತಾ ಓಡುವುದು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಬಿಳಿ ಪಂಚೆ ಕಟ್ಟಿ ಎಲ್ಲರಿಗೂ ತೋರಿಸಿದೆವು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ ದೊಡ್ಡಮ್ಮ ಕೇಳಿದರು, "ಅಲ್ಲ ಮಕ್ಕಳೇ, ಇದು ಶುರು ಆಗುವುದು ಯಾವಾಗ?"

ಅಷ್ಟು ಹೊತ್ತಿಗೆ ಎರಡು ನಿಮಿಷ ಮುಗಿದಿತ್ತು. ಇಡೀ ಚಿತ್ರ ಇದ್ದದ್ದೇ ಒಂಬತ್ತು ನಿಮಿಷ!

ಹಾಗಾಗಿ ಎರಡನೇ ಚಿತ್ರಕ್ಕೆ ಮೊದಲು ಒಂದು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಬೇರೆಯವರ ಸಿನಿಮಾಗಳ ಓಪನಿಂಗ್ ಮಾತ್ರ ನೋಡಿದೆವು. ಹೇಗೆ ನೋಡಿದೆವು, ಅದರಿಂದ ನಮ್ಮ ಚಿತ್ರಕ್ಕೆ ಏನು ಸಿಕ್ಕಿತು ಅಂತ ಹೇಳುತ್ತೇನೆ. ನೀವೂ ಕಾಲೇಜಿನ ಪ್ರಾಜೆಕ್ಟಿಗೋ ಸುಮ್ನೆ ಆಸೆಗೋ ಹಾರರ್ ಮಾಡಲು ಹೊರಟಿದ್ದರೆ ಉಪಯೋಗ ಆದೀತು.

ಮೊದಲನೆಯದಾಗಿ, ಐವತ್ತು ಸಿನಿಮಾ ಪಟ್ಟಿ ಮಾಡಬೇಡಿ. ಐದು ಸಾಕು. ಒಂದೊಂದನ್ನೂ ನಾಲ್ಕು ಸಲ ನೋಡಿ. ಮೊದಲ ಸಲ ಸುಮ್ಮನೆ, ಪ್ರೇಕ್ಷಕರ ಹಾಗೆ. ಎರಡನೇ ಸಲ ಮ್ಯೂಟ್ ಮಾಡಿ. ಮೂರನೇ ಸಲ ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿ. ಇದೊಂದನ್ನು ದಯವಿಟ್ಟು ತಪ್ಪಿಸಬೇಡಿ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ನಾಲ್ಕನೇ ಸಲ ನೋಟ್‌ಬುಕ್ ಹಿಡಿದು. ಪುಟದಲ್ಲಿ ಐದು ಕಾಲಂ ಎಳೆಯಿರಿ: ಶಾಟ್ ನಂಬರ್, ಎಷ್ಟು ಸೆಕೆಂಡ್, ಏನು ಕಾಣುತ್ತದೆ, ಏನು ಕೇಳುತ್ತದೆ, ಮತ್ತೆ ಕೊನೆಯದು, ಇಲ್ಲಿವರೆಗೆ ನನಗೆ ಏನನ್ನು ಹೇಳಿಲ್ಲ. ಈ ಕೊನೆಯ ಕಾಲಂ ತುಂಬಿಸುವಾಗಲೇ ತಲೆ ಓಡುವುದು. ಉಳಿದದ್ದು ಗುಮಾಸ್ತನ ಕೆಲಸ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ನೋಡುವುದಾದರೆ 'ಇ' ಕೀ ಒತ್ತಿ, ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಕಟ್ ಎಲ್ಲಿ ಬಿತ್ತು ಅಂತ ಸರಿಯಾಗಿ ಹಿಡಿಯಬಹುದು.

ಒಟ್ಟು ಸೆಕೆಂಡನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಶಾಟ್ ಸರಾಸರಿ ಎಷ್ಟು ಹೊತ್ತು ನಿಂತಿದೆ ಅಂತ ಸಿಗುತ್ತದೆ. 120 ಸೆಕೆಂಡಿನಲ್ಲಿ 24 ಶಾಟ್ ಇದ್ದರೆ ಐದು ಸೆಕೆಂಡ್. ನಮ್ಮ ಮೊದಲ ಚಿತ್ರಕ್ಕೂ ಈ ಲೆಕ್ಕ ಹಾಕಿದೆವು, ಎರಡು ಸೆಕೆಂಡಿಗಿಂತ ಕಡಿಮೆ ಬಂತು. ಹೆದರಲಿಕ್ಕೂ ಸ್ವಲ್ಪ ಪುರುಸೊತ್ತು ಬೇಕಲ್ವಾ? ನಾವು ಅದನ್ನೇ ಕೊಟ್ಟಿರಲಿಲ್ಲ.

ಈಗ ಸಿನಿಮಾಗಳಿಗೆ ಬರುತ್ತೇನೆ. ನಮಗೆ ಜಾಸ್ತಿ ಕಲಿಸಿದ್ದು ಜಾನ್ ಕಾರ್ಪೆಂಟರ್ ಅವರ 1978ರ ಹ್ಯಾಲೋವೀನ್. ಕ್ಯಾಮೆರಾ ಒಂದು ಮನೆಯ ಹೊರಗಿನಿಂದ ಕಿಟಕಿಯಲ್ಲಿ ಇಣುಕುತ್ತದೆ, ಹಿಂದಿನಿಂದ ಅಡುಗೆಮನೆಗೆ ನುಗ್ಗುತ್ತದೆ, ಒಂದು ಕೈ ಬಂದು ಚಾಕು ತೆಗೆಯುತ್ತದೆ, ಮೆಟ್ಟಿಲು ಹತ್ತುತ್ತದೆ. ಹೆಚ್ಚುಕಡಿಮೆ ನಾಲ್ಕು ನಿಮಿಷ ಒಂದೇ ಶಾಟ್ ಅನ್ನಿಸುತ್ತದೆ, ಆದರೆ ಒಳಗೆ ಅಡಗಿಸಿದ ಕಟ್ ಉಂಟು. ಮುಖವಾಡ ಹಾಕಿಕೊಂಡ ಕೂಡಲೇ ನಮಗೂ ಎರಡು ತೂತಿನಿಂದ ಮಾತ್ರ ಕಾಣುತ್ತದೆ. ಕೊಲೆ ಆದಮೇಲೆ ಹೊರಗೆ ಬರುತ್ತದೆ, ಯಾರೋ ಮುಖವಾಡ ಎಳೆಯುತ್ತಾರೆ, ಆಗ ಮೊದಲ ಸಲ ಎದುರಿನಿಂದ ನೋಡುತ್ತೇವೆ: ಆರು ವರ್ಷದ ಹುಡುಗ. ಇಷ್ಟು ಹೊತ್ತು ನಾವು ನೋಡಿದ್ದು ಅವನ ಕಣ್ಣಿನಿಂದ. ನಮ್ಮ ಐದನೇ ಕಾಲಂನಲ್ಲಿ ನಾಲ್ಕು ನಿಮಿಷವೂ ಒಂದೇ ಸಾಲು ಇತ್ತು, "ಇದು ಯಾರ ಕಣ್ಣು?" ವಿದ್ಯಾರ್ಥಿಗಳಿಗೆ ಖುಷಿ ಕೊಡುವ ವಿಷಯ ಇನ್ನೊಂದು, ಆ ಚಾಕು ಹಿಡಿದ ಕೈ ಹುಡುಗನದ್ದಲ್ಲ, ನಿರ್ಮಾಪಕಿ ಡೆಬ್ರಾ ಹಿಲ್ ಅವರದ್ದು. ನಿಮ್ಮ ಗುಂಪಿನಲ್ಲಿ ನಟರು ಸಾಲದಿದ್ದರೆ ಬೇಜಾರು ಮಾಡಬೇಡಿ, ಕೈ ಯಾರದ್ದಾದರೂ ಆದೀತು.

1975ರ ಜಾಸ್ ಹಾರರ್ ಹೌದಾ ಅಲ್ಲವಾ ಅಂತ ನಮ್ಮೊಳಗೆ ಜಗಳವೇ ಆಯಿತು, ಇರಲಿ. ರಾತ್ರಿ ಒಬ್ಬಳು ಹುಡುಗಿ ಸಮುದ್ರಕ್ಕೆ ಇಳಿಯುತ್ತಾಳೆ. ಶಾರ್ಕ್ ಕಾಣುವುದೇ ಇಲ್ಲ. ಅವಳ ದೇಹವನ್ನು ಯಾವುದೋ ಒಂದು ಅತ್ತ ಇತ್ತ ಜಗ್ಗುವುದು ಮಾತ್ರ ಕಾಣುತ್ತದೆ. ದಡದಲ್ಲಿ ಅವಳ ಜೊತೆಗೆ ಬಂದಿದ್ದ ಹುಡುಗ ಕುಡಿದು ಮಲಗಿದ್ದಾನೆ. ಆಮೇಲೆ ನೀರು ಏನೂ ಆಗದ ಹಾಗೆ ಸುಮ್ಮನಾಗುತ್ತದೆ. ಆ ಚಿತ್ರಕ್ಕೆ ಮಾಡಿಸಿದ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು, ಅದಕ್ಕೇ ಅದನ್ನು ತೋರಿಸದೆ ನಡೆಸುವ ದಾರಿ ಹುಡುಕಬೇಕಾಯಿತು. ಅವರ ಹತ್ತಿರ ಶಾರ್ಕ್ ಇದ್ದೂ ಕೆಲಸಕ್ಕೆ ಬರಲಿಲ್ಲ. ನಮ್ಮ ಹತ್ತಿರ ಇದ್ದ ದೆವ್ವ ಅಂದರೆ ಬಿಳಿ ಸೀರೆ, ಮುಖಕ್ಕೆ ಪೌಡರ್. ತೋರಿಸದಿದ್ದರೇ ಮರ್ಯಾದೆ.

ಸೈಕೋ, 1960. ಊರಿನ ಮೇಲಿಂದ ಕ್ಯಾಮೆರಾ ನಿಧಾನ ಬಂದು ಒಂದು ಹೋಟೆಲಿನ ಕಿಟಕಿಯೊಳಗೆ ತೂರುತ್ತದೆ. ಪರದೆ ಮೇಲೆ ಊರು, ವಾರ, ತಾರೀಕು ಬರುತ್ತದೆ, ಆಮೇಲೆ ಸಮಯ: ಮಧ್ಯಾಹ್ನ 2 ಗಂಟೆ 43 ನಿಮಿಷ. ಎರಡೂ ಮುಕ್ಕಾಲು ಅಂತ ಬರೆಯಬಹುದಿತ್ತು. 43 ಅಂದ ಕೂಡಲೇ ಯಾರೋ ಲೆಕ್ಕ ಇಡುತ್ತಿದ್ದಾರೆ ಅನ್ನಿಸುತ್ತದೆ.

ದಿ ಶೈನಿಂಗ್ ನಮ್ಮ ಡ್ರೋನ್ ಹುಚ್ಚು ಬಿಡಿಸಿತು. 1980ರ ಆ ಚಿತ್ರದ ಶುರುವಿಗೆ ಬೆಟ್ಟದ ದಾರಿಯಲ್ಲಿ ಸಣ್ಣ ಹಳದಿ ಕಾರು, ಮೇಲಿಂದ ಹೆಲಿಕಾಪ್ಟರಿನ ಶಾಟ್. ನಾವೂ ಮೇಲಿಂದಲೇ ತೆಗೆದಿದ್ದೆವು, ಹಾಗಾದರೆ ವ್ಯತ್ಯಾಸ ಎಲ್ಲಿ? ಮ್ಯೂಟ್ ಮಾಡಿ ನೋಡಿದರೆ ಅದು ಹೆಚ್ಚುಕಡಿಮೆ ಟೂರಿಸ್ಟ್ ವಿಡಿಯೋ. ಸಾವಿನ ಪ್ರಾರ್ಥನೆಯ ಹಳೆಯ ಚರ್ಚ್ ರಾಗವನ್ನು ಸಿಂಥಸೈಜರಿನಲ್ಲಿ ನುಡಿಸಿದ್ದನ್ನು ಸೇರಿಸಿದ ಕೂಡಲೇ ಆ ಕಾರನ್ನು ಏನೋ ಒಂದು ಹಿಂಬಾಲಿಸುತ್ತಿದೆ ಅನ್ನಿಸುತ್ತದೆ. ನಮ್ಮ ಡ್ರೋನ್ ಯಾರನ್ನೂ ಹಿಂಬಾಲಿಸುತ್ತಿರಲಿಲ್ಲ, ಬಾಡಿಗೆ ವಸೂಲಿ ಮಾಡುತ್ತಿತ್ತು ಅಷ್ಟೇ.

"ಕಾಡಿನಲ್ಲಿ ಸಿಕ್ಕಿದ ವಿಡಿಯೋ ಇದು" ಅಂತ ಅಕ್ಷರ ಹಾಕಿ ಶುರು ಮಾಡುವ ಆಸೆ ಎಲ್ಲ ವಿದ್ಯಾರ್ಥಿಗಳಿಗೂ ಒಮ್ಮೆ ಬರುತ್ತದೆ. 1999ರ ದಿ ಬ್ಲೇರ್ ವಿಚ್ ಪ್ರಾಜೆಕ್ಟ್ ಅದನ್ನು ಮಾಡಿತು, ಅಲ್ಲಿ ಕಾಣೆಯಾಗುವವರೂ ಸಿನಿಮಾ ವಿದ್ಯಾರ್ಥಿಗಳೇ. ಕನ್ನಡದಲ್ಲಿ 2013ರಲ್ಲೇ '6-5=2' ಅನ್ನುವ ಅಂಥದ್ದೇ ಸಿನಿಮಾ ಬಂದಾಯಿತು. ನಿಮ್ಮ ಹತ್ತಿರ ಹೊಸದು ಏನಾದರೂ ಇದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ.

ನೋಡಿದ್ದು ಸಾಕು. ಇನ್ನು ನಮ್ಮೂರಿಗೆ ಬರಬೇಕು.

ಲೊಕೇಶನ್ ಅಂದ ಕೂಡಲೇ ಕಾಸರಗೋಡಿನಲ್ಲಿ ಎಲ್ಲರೂ ಹೇಳುವುದು ಬೇಕಲ ಕೋಟೆ. ಬೇಡ ಮಾರಾಯ್ರೆ. ಅದು ಪುರಾತತ್ವ ಇಲಾಖೆಯ ಕೈಯಲ್ಲಿದೆ, ಶೂಟಿಂಗಿಗೆ ಪರ್ಮಿಶನ್ ಬೇಕು. ಸಾಲದ್ದಕ್ಕೆ 1995ರ ಬಾಂಬೆ ಚಿತ್ರದ ಹಾಡು ನೋಡಿದವರಿಗೆ ಅಲ್ಲಿ ದೆವ್ವ ನೆನಪಾಗುವುದಿಲ್ಲ, ಪ್ರೇಮ ನೆನಪಾಗುತ್ತದೆ. ಗುಡ್ಡದಲ್ಲಿ ನೀರಿಗೆ ಅಂತ ಕೊರೆದ ಸುರಂಗ ಚೆನ್ನಾಗಿರುತ್ತದೆ, ಆದರೆ ಒಳಗೆ ಹೋಗಬೇಡಿ, ಮಣ್ಣು ಜರಿಯಬಹುದು, ಗಾಳಿ ಸಾಲದೆ ಹೋಗಬಹುದು. ಬಾಯಿಯ ಹೊರಗೆ ನಿಂತು ಆ ಕಪ್ಪು ತೂತನ್ನು ಹತ್ತು ಸೆಕೆಂಡ್ ತೆಗೆದರೆ ಸಾಕು. ಫೋನನ್ನು ಅಲ್ಲೇ ಇಟ್ಟು ನೀರು ತೊಟ್ಟಿಕ್ಕುವ ಸದ್ದು ರೆಕಾರ್ಡ್ ಮಾಡಿಕೊಳ್ಳಿ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಹೆದರಿಸಲಿಕ್ಕೆ ಕೋಲವನ್ನೋ ತೆಯ್ಯಂ ಅನ್ನೋ ತುರುಕಬೇಡಿ. ನಮ್ಮ ಕಡೆ ಭೂತ ಅಂದರೆ ದೆವ್ವ ಅಲ್ಲ, ಮನೆಯವರು ನಂಬುವ ದೈವ. ಹೊರಗಿನವರಿಗೆ ಗೊತ್ತಿಲ್ಲದೆ ತಪ್ಪಾಗಬಹುದು. ನಾವು ಮಾಡಿದರೆ ಅದು ಸೋಮಾರಿತನ.

ನಮ್ಮ ಓಪನಿಂಗ್ ಹುಟ್ಟಿದ್ದು ಕಣ್ಣು ಮುಚ್ಚಿ ಕೇಳುವ ಅಭ್ಯಾಸದಿಂದ. ಐದು ಸಿನಿಮಾ ಹಾಗೆ ಕೇಳಿದ ಮೇಲೆ ಒಂದು ರಾತ್ರಿ ದೊಡ್ಡಮ್ಮನ ಜಗಲಿಯಲ್ಲೂ ಕಣ್ಣು ಮುಚ್ಚಿ ಕೂತೆವು. ತೋಟದಲ್ಲಿ ಅಡಿಕೆ ಮರದ ಹಾಳೆ ಬಿದ್ದ ಸದ್ದು, ಮಧ್ಯೆ ಮಧ್ಯೆ ನಾಯಿ, ಹತ್ತಿರದಲ್ಲಿ ದೊಡ್ಡಮ್ಮ ಅಡಿಕೆ ಸುಲಿಯುವ ಸದ್ದು. ಟಕ್, ಆಮೇಲೆ ಸಿಪ್ಪೆ ಹರಿಯುವುದು, ಬುಟ್ಟಿಗೆ ಅಡಿಕೆ ಬೀಳುವುದು. ನಮ್ಮಲ್ಲೊಬ್ಬ ಕಣ್ಣು ಮುಚ್ಚಿಕೊಂಡೇ ಕೇಳಿದ, "ಸುಲಿಯುವವರು ಇಬ್ಬರಾ?" ಒಬ್ಬರೇ ಇದ್ದದ್ದು, ಎದುರಿನ ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತಿತ್ತು. ಸಿಕ್ಕಿತಲ್ಲ!

ಪ್ಲಾನ್ ಹೀಗೆ ಬರೆದೆವು, ಒಟ್ಟು ಎಪ್ಪತ್ತು ಸೆಕೆಂಡ್, ಐದೇ ಶಾಟ್. ಒಂದು: ಅಂಗಳದಿಂದ ಜಗಲಿ, ಒಂದು ಬಲ್ಬ್, ಅದರ ಕೆಳಗೆ ಬೆನ್ನು ಹಾಕಿ ಕೂತ ಹೆಂಗಸು, ಇಪ್ಪತ್ತು ಸೆಕೆಂಡ್, ಕ್ಯಾಮೆರಾ ಅಲ್ಲಾಡುವುದಿಲ್ಲ. ಎರಡು: ಕತ್ತಿ ಮತ್ತು ಕೈ, ಹತ್ತಿರದಿಂದ. ಕೇಳುವುದು ಎರಡು ಕತ್ತಿಯ ಸದ್ದು, ಆದರೆ ಅದನ್ನು ಒತ್ತಿ ಹೇಳುವುದಿಲ್ಲ. ಮೂರು: ತುಂಬುತ್ತಿರುವ ಬುಟ್ಟಿ. ನಾಲ್ಕು: ಅವರ ಮುಖ, ಕೈ ನಿಲ್ಲುತ್ತದೆ. ಒಂದು ಸದ್ದು ನಿಲ್ಲುತ್ತದೆ. ಇನ್ನೊಂದು ನಿಲ್ಲುವುದಿಲ್ಲ. ಐದು: ಮತ್ತೆ ಅಂಗಳದಿಂದ, ಮೊದಲಿನದ್ದೇ ಜಾಗ, ಅವರು ತಿರುಗಿ ನೋಡದೆ ಪುನಃ ಸುಲಿಯಲು ಶುರು ಮಾಡುತ್ತಾರೆ. ಮಾತು ಒಂದೂ ಇಲ್ಲ. ನಮ್ಮಲ್ಲಿ ನೋಡುವವರು ಕನ್ನಡ, ತುಳು, ಮಲಯಾಳ ಎಲ್ಲ ಆಡುವವರು, ಮೊದಲ ನಿಮಿಷದಲ್ಲಿ ಸಬ್‌ಟೈಟಲ್ ಓದಿಸುವ ಕಷ್ಟ ಯಾರಿಗೆ ಬೇಕು.

ಶೂಟಿಂಗಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೊಬೈಲಿನಲ್ಲೇ ಆದೀತು, ಆದರೆ ಮ್ಯಾನುಯಲ್ ಸೆಟ್ಟಿಂಗ್ ಇರುವ ಆ್ಯಪ್ ಬೇಕು. ನಮ್ಮ ದೇಶದಲ್ಲಿ ಕರೆಂಟ್ 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ, ಇಲ್ಲದಿದ್ದರೆ ಬಲ್ಬ್ ಮಿಣುಕುವ ಪಟ್ಟಿ ಬರಬಹುದು. ಬೆಳಕು ತಾನೇ ಏರಿಳಿಯದ ಹಾಗೆ ಎಕ್ಸ್‌ಪೋಶರ್ ಲಾಕ್ ಮಾಡಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಜಾಸ್ತಿ ಏರಿಸಿದರೆ ಕತ್ತಲೆಯೆಲ್ಲ ಬೂದು ಬಣ್ಣದ ಇರುವೆ ಹರಿದಂತೆ ಕಾಣುತ್ತದೆ. ಹೊರಗಿನ ಶಾಟ್‌ಗಳನ್ನು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಆಗ ಆಕಾಶ ನೀಲಿ ಇರುತ್ತದೆ, ತೋಟ ಕಪ್ಪಾಗಿರುತ್ತದೆ. ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಶೀಟಿನ ಮೇಲೆ ಮಳೆ ಬಿದ್ದರೆ ಅಡಿಕೆ ಸದ್ದು ಹಾಗಿರಲಿ, ಪಕ್ಕದವನ ಮಾತೂ ಕೇಳುವುದಿಲ್ಲ.

ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ನಾವು ಫ್ಯಾನ್, ಫ್ರಿಜ್ ಎಲ್ಲ ಆಫ್ ಮಾಡಿ, ಕೋಣೆಯಲ್ಲಿ ಕಂಬಳಿ ನೇತುಹಾಕಿ, ದೊಡ್ಡಮ್ಮನ ಹತ್ತಿರ ಎರಡು ಸಲ ಅಡಿಕೆ ಸುಲಿಸಿದೆವು, ಒಂದು ಸಲ ಫೋನ್ ಹತ್ತಿರ ಇಟ್ಟು, ಇನ್ನೊಂದು ಸಲ ಬಾಗಿಲಿನ ಆಚೆ ಇಟ್ಟು. ಎರಡನ್ನೂ ಎಡಿಟಿಂಗಿನಲ್ಲಿ ಒಂದರ ಮೇಲೊಂದು ಕೂರಿಸಿದೆವು. ಹೆಸರುಗಳನ್ನು ಕೊನೆಗೆ ತಳ್ಳಿದೆವು, ಗುಡುಗು ಡಿಲೀಟ್.

ಆಮೇಲೆ ಪರೀಕ್ಷೆ. ಕಥೆ ಗೊತ್ತಿಲ್ಲದ ನಾಲ್ಕೈದು ಜನರಿಗೆ ಒಬ್ಬೊಬ್ಬರಿಗೇ, ಹೆಡ್‌ಫೋನ್ ಕೊಟ್ಟು, ಎಪ್ಪತ್ತು ಸೆಕೆಂಡ್ ಮಾತ್ರ ತೋರಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಏನು ನೋಡಿದಿರಿ, ಈಗ ಏನು ಗೊತ್ತಾಗಬೇಕು ಅಂತ ಅನ್ನಿಸುತ್ತಿದೆ, ಅಷ್ಟೇ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ.

ನಮ್ಮಲ್ಲಿ ಮೊದಲು ನೋಡಿದವಳು ನೀರ್ಚಾಲಿನಿಂದ ಬಂದಿದ್ದ ಅತ್ತಿಗೆ. ನೋಡಿ ಹೆಡ್‌ಫೋನ್ ತೆಗೆದು ಕೇಳಿದಳು, "ಅವರು ಕೆಮ್ಮಲಿಲ್ಲವಲ್ಲ, ಹಾಗಾದರೆ ಕೆಮ್ಮಿದ್ದು ಯಾರು?" ಬಾಗಿಲಾಚೆಯ ರೆಕಾರ್ಡಿಂಗಿನಲ್ಲಿ ದೊಡ್ಡಮ್ಮ ಒಮ್ಮೆ ಕೆಮ್ಮಿದ್ದರು, ಕತ್ತರಿಸಲು ನಾವು ಮರೆತಿದ್ದೆವು. ಎಡಿಟ್ ಮಾಡುತ್ತಿದ್ದವನು ತೆಗೆಯುತ್ತೇನೆ ಅಂತ ಲ್ಯಾಪ್‌ಟಾಪ್ ಎಳೆದುಕೊಂಡ. ಮೂರು ಜನ ಒಟ್ಟಿಗೆ ಅವನ ಕೈ ಹಿಡಿದೆವು.