ಪಿಟಿಎಸ್‌ಡಿ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದಾಯ್ತು, ಈಗ ಅದು ಸರಿ ಇದೆಯಾ ಅಂತ ನೋಡೋದು ಹೇಗೆ?

ಪಿಟಿಎಸ್‌ಡಿ ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ. ಅದನ್ನು ಅಳೆಯುವ ಪ್ರಶ್ನಾವಳಿ, ಅನುವಾದ ಮುಗಿದ ತಕ್ಷಣ ರೆಡಿ ಅಂದುಕೊಳ್ಳಬೇಡಿ. ಅಸಲಿ ಕೆಲಸ ಶುರುವಾಗುವುದೇ ಆಮೇಲೆ.

ಪಿಸಿಎಲ್-5 ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2013ರಲ್ಲಿ ಬಂದ, ಮಾನಸಿಕ ಕಾಯಿಲೆಗಳ ಕೈಪಿಡಿಯಾದ ಡಿಎಸ್‌ಎಂ-5ರ ಲಕ್ಷಣಗಳ ಮೇಲೆ ಅಮೆರಿಕದ ನ್ಯಾಷನಲ್ ಸೆಂಟರ್ ಫಾರ್ ಪಿಟಿಎಸ್‌ಡಿ ಮಾಡಿದ ಪ್ರಶ್ನಾವಳಿ ಇದು. ಒಟ್ಟು 20 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 4 ಅಂಕ, ಅಂದರೆ ಗರಿಷ್ಠ 80. ಕಳೆದ ಒಂದು ತಿಂಗಳಲ್ಲಿ ಎಷ್ಟು ಕಾಡಿತು ಅಂತ ಕೇಳುತ್ತದೆ. ಎಷ್ಟು ಸಲ ಆಯಿತು ಅಂತಲ್ಲ, ಎಷ್ಟು ಕಾಡಿತು ಅಂತ. ಅನುವಾದದಲ್ಲಿ ಮೊದಲು ಜಾರಿಹೋಗುವುದು ಇದೇ.

ಅನುವಾದದ ಕ್ರಮ ನಿಮಗೆ ಗೊತ್ತಿರುತ್ತದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಬೇಕು, ಆಮೇಲೆ ತಜ್ಞರು ಕೂತು ನೋಡಬೇಕು. ಮಾಡಿ, ಆದರೆ ಈ ವಾಪಸ್ ಅನುವಾದವನ್ನು ಜಾಸ್ತಿ ನಂಬಬೇಡಿ. ಸದಾ ಕಟ್ಟೆಚ್ಚರದಲ್ಲಿರುವ ಲಕ್ಷಣದ ಬಗ್ಗೆ ಒಂದು ಪ್ರಶ್ನೆ ಇದೆ. ಅದನ್ನು 'ತುಂಬಾ ಎಚ್ಚರಿಕೆಯಿಂದ ಇರುವುದು' ಅಂತ ಮಾಡಿದರೆ ವಾಪಸ್ ಅನುವಾದದಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ. ಆದರೆ ಓದಿದವರು 'ಹೌದು, ನಾನು ಯಾವಾಗಲೂ ಎಚ್ಚರಿಕೆಯಿಂದಲೇ ಇರ್ತೀನಿ' ಅಂತ ಹೆಮ್ಮೆಯಿಂದ 4 ಹಾಕುತ್ತಾರೆ! ಕನ್ನಡದಲ್ಲಿ ಎಚ್ಚರಿಕೆ ಒಳ್ಳೆಯ ಗುಣ, ಅಲ್ವಾ? 'ಏನೋ ಅಪಾಯ ಬರುತ್ತೆ ಅಂತ ಸದಾ ಕಾಯುತ್ತಾ, ಸುತ್ತಮುತ್ತ ನೋಡುತ್ತಾ ಇರುವುದು' ಅಂದರೆ ಲಕ್ಷಣ ಸಿಗುತ್ತದೆ. ಇನ್ನೊಂದು ಕಡೆ ನಮ್ಮ ಭಾಷೆಯೇ ಕೈ ಹಿಡಿಯುತ್ತದೆ: 'ಬೆಚ್ಚಿ ಬೀಳುವುದು' ಅಂದರೆ ಯಾರಿಗೂ ವಿವರಿಸಬೇಕಿಲ್ಲ.

ಇಂಥದ್ದು ಗೊತ್ತಾಗುವುದು ಜನರ ಜೊತೆ ಕೂತಾಗ ಮಾತ್ರ. ಆಘಾತ ಅನುಭವಿಸಿದ ಎಂಟು ಹತ್ತು ಜನರನ್ನು ಆರಿಸಿ. ವಯಸ್ಸು, ಓದು, ಆಡುಮಾತು ಬೇರೆ ಬೇರೆ ಇರಲಿ. 'ಅರ್ಥ ಆಯ್ತಾ?' ಅಂತ ಮಾತ್ರ ಕೇಳಬೇಡಿ, ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. 'ಇದನ್ನು ನಿಮ್ಮ ಮಾತಲ್ಲಿ ಹೇಳಿ, 3 ಯಾಕೆ ಹಾಕಿದಿರಿ?' ಅಂತ ಕೇಳಿ. ಐದು ಉತ್ತರಗಳನ್ನೂ ಚೀಟಿಗಳಲ್ಲಿ ಬರೆದು, ಕಲಸಿ ಕೊಟ್ಟು, ಕಡಿಮೆಯಿಂದ ಜಾಸ್ತಿಗೆ ಜೋಡಿಸಲು ಹೇಳಿ. 'ಸಾಧಾರಣ' ಮತ್ತು 'ಸಾಕಷ್ಟು' ಅದಲುಬದಲಾದರೆ ಪದ ಬದಲಿಸಿ. ಮಾತಾಡುವಾಗ ಯಾರಿಗಾದರೂ ಕಷ್ಟವಾದರೆ ಅಲ್ಲಿಗೇ ನಿಲ್ಲಿಸಿ, ನೋಡಿಕೊಳ್ಳಲು ಆಪ್ತಸಮಾಲೋಚಕರು ಹತ್ತಿರದಲ್ಲೇ ಇರಬೇಕು.

ಇನ್ನು ಅಂಕಿ ಅಂಶ. ಉತ್ತರಿಸಿದವರು 200–300 ಜನ ಇದ್ದರೆ ನೆಮ್ಮದಿ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಕ್ರಾನ್‌ಬ್ಯಾಕ್ ಆಲ್ಫಾ ಜಾಸ್ತಿ ಬಂತು ಅಂತ ಕುಣಿಯಬೇಡಿ, 0.95 ದಾಟಿದರೆ ಒಂದೇ ಮಾತನ್ನು ಬೇರೆ ಬೇರೆ ಥರ ಕೇಳುತ್ತಿದ್ದೀರಿ ಅಂತಲೂ ಇರಬಹುದು. ಡಿಎಸ್‌ಎಂ-5ರ ನಾಲ್ಕು ಲಕ್ಷಣ ಗುಂಪುಗಳು ನಿಮ್ಮ ಡೇಟಾದಲ್ಲಿ ನಿಲ್ಲುತ್ತವಾ ಅಂತ, ಯಾವ ಪ್ರಶ್ನೆಗಳು ಒಟ್ಟಿಗೆ ಗುಂಪಾಗುತ್ತವೆ ಅಂತ ತೋರಿಸುವ ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ ನೋಡಿ, ಉತ್ತರಗಳು ಬರೀ ಐದು ಮೆಟ್ಟಿಲು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯುವ ವಿಧಾನವನ್ನೇ ಬಳಸಿ. ಒಂದೆರಡು ವಾರ ಬಿಟ್ಟು ಅದೇ ಜನರಿಗೆ ಮತ್ತೆ ಕೊಡಿ. ಇಲ್ಲೊಂದು ಗುಂಡಿ ಇದೆ: ಮೊದಲ ಸಲ ಅಪಘಾತವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದವರು ಎರಡನೇ ಸಲ ಬೇರೆ ಘಟನೆ ನೆನೆದರೆ ಅಂಕ ತಾಳೆಯಾಗುವುದಿಲ್ಲ, ಅದಕ್ಕೆ ನೀವು ಅನುವಾದವನ್ನು ದೂರುತ್ತಾ ಕೂರುತ್ತೀರಿ. ಘಟನೆ ಯಾವುದು ಅಂತ ಮೊದಲೇ ಬರೆಸಿಕೊಳ್ಳಿ.

ಕೊನೆಗೆ ಕಟ್‌ಆಫ್, ಅಂದರೆ ಎಷ್ಟು ಅಂಕ ಬಂದರೆ ಪಿಟಿಎಸ್‌ಡಿ ಇರಬಹುದು ಅನ್ನುವ ಗೆರೆ. ಮೂಲದಲ್ಲಿ 31ರಿಂದ 33 ಅನ್ನುತ್ತಾರೆ. ಅದನ್ನು ಹಾಗೇ ಎತ್ತಿಕೊಂಡು ಬರಬೇಡಿ. ಪಿಟಿಎಸ್‌ಡಿ ಇದೆಯಾ ಅಂತ ಪತ್ತೆ ಮಾಡುವ ಕ್ಯಾಪ್ಸ್-5 ಸಂದರ್ಶನ ಮಾಡಿಸಿ ಹೋಲಿಸಿ, ಸಂದರ್ಶಕರಿಗೆ ಪ್ರಶ್ನಾವಳಿಯ ಅಂಕ ಗೊತ್ತಿರಬಾರದು. ಜಾಸ್ತಿ ಅಂಕ ಬಂದವರನ್ನು ಮಾತ್ರ ಕರೆದರೆ ಪ್ರಶ್ನಾವಳಿ ಯಾರನ್ನು ತಪ್ಪಿಸಿತು ಅನ್ನುವುದು ಗೊತ್ತೇ ಆಗುವುದಿಲ್ಲ, ಕಡಿಮೆ ಬಂದವರನ್ನೂ ಕರೆಯಿರಿ.

ಸೆನ್ಸಿಟಿವಿಟಿ (ಕಾಯಿಲೆ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯಿತು), ಸ್ಪೆಸಿಫಿಸಿಟಿ (ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟಿತು) ಎರಡೂ 80% ಬಂತು ಅಂತ ಇಟ್ಟುಕೊಳ್ಳಿ. 1000 ಜನರಲ್ಲಿ 500 ಮಂದಿಗೆ ಪಿಟಿಎಸ್‌ಡಿ ಇರುವ ಕ್ಲಿನಿಕ್ಕಿನಲ್ಲಿ, ಪಾಸಿಟಿವ್ ಬಂದ 500 ಜನರಲ್ಲಿ 400 ಮಂದಿಗೆ ನಿಜವಾಗಿ ಇರುತ್ತದೆ. ಅದನ್ನೇ 1000ಕ್ಕೆ 50 ಮಂದಿಗಷ್ಟೇ ಇರುವ ಕಡೆ ಹಂಚಿದರೆ 230 ಪಾಸಿಟಿವ್, ಅದರಲ್ಲಿ ನಿಜ 40 ಮಾತ್ರ. ಹಾಗಾಗಿ ಕಟ್‌ಆಫ್ ಬರೆಯುವಾಗ, ಅದು ಎಂಥ ಜನರ ನಡುವೆ ಸಿಕ್ಕಿದ್ದು ಅಂತ ಪಕ್ಕದಲ್ಲೇ ಬರೆಯಿರಿ.