ಮಗುವಿನ ತಲೆಯ ಹೇನು ತೆಗೆಯುವುದು ಹೇಗೆ?

ಭಾನುವಾರ ಒಂದು ದಿನ ಬಾಚಿ, ಸಿಕ್ಕ ಹೇನನ್ನೆಲ್ಲ ಉಗುರಲ್ಲಿ ಕುಕ್ಕಿ, ಕೆಲಸ ಮುಗಿಯಿತು ಎಂದು ಎದ್ದುಬಿಡುವ ಅಮ್ಮಂದಿರನ್ನು ತುಂಬಾ ನೋಡಿದ್ದೇನೆ. ಎರಡು ವಾರಕ್ಕೆ ಮಗು ಮತ್ತೆ ತಲೆ ಕೆರೆಯುತ್ತದೆ. ಆಗ ಬೈಗುಳ ಪಕ್ಕದ ಬೆಂಚಿನ ಮಗುವಿಗೆ. ಆದರೆ ಎಷ್ಟೋ ಸಲ ಅದು ಹೊರಗಿನಿಂದ ಬಂದ ಹೇನಲ್ಲ. ನಾವು ಬಿಟ್ಟ ಸೀರು, ಅಂದರೆ ಹೇನಿನ ಮೊಟ್ಟೆಯೇ, ಒಡೆದು ಮರಿಯಾಗಿರುತ್ತದೆ.

ಹೇನು ನಮ್ಮ ರಕ್ತ ಕುಡಿದೇ ಬದುಕುವ ಪರಾವಲಂಬಿ. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬಾರದು. ತಲೆಗೆ ತಲೆ ತಾಗಿದಾಗ ನಡೆದು ದಾಟುತ್ತದೆ. ಸೀರು ಒಡೆಯಲು 7ರಿಂದ 10 ದಿನ ಬೇಕು. ಆ ಮರಿ ಬೆಳೆದು ತಾನೇ ಮೊಟ್ಟೆಯಿಡಲು ಇನ್ನೂ 9ರಿಂದ 12 ದಿನ. ಅಷ್ಟರೊಳಗೆ ಮರಿಯನ್ನು ಹಿಡಿದರೆ ಗೆದ್ದಂತೆ.

ಮೊದಲು ಬೆಳಕು. ಟ್ಯೂಬ್‌ಲೈಟ್ ಸಾಲದು. ಬೆಳಗಿನ ಬಿಸಿಲು ಪಕ್ಕದಿಂದ ಬೀಳುವ ಜಗಲಿಯಲ್ಲಿ ಮಗುವನ್ನು ಕೂರಿಸಿ. ಕಿವಿಯ ಹಿಂದೆ, ಕುತ್ತಿಗೆಯ ಮೇಲ್ಭಾಗದಲ್ಲಿ ನೋಡಿ. ಬಿಳಿ ಚುಕ್ಕೆಯನ್ನು ಬೆರಳಲ್ಲಿ ಎಳೆದಾಗ ಉದುರಿದರೆ ಹೊಟ್ಟು, ಕೂದಲಿಗೆ ಕಚ್ಚಿ ಕೂತರೆ ಸೀರು.

ತಲೆ ತೊಳೆದು, ಒದ್ದೆ ಕೂದಲಿಗೆ ಕಂಡೀಷನರ್ ಧಾರಾಳವಾಗಿ ಹಚ್ಚಿ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಒಣ ತಲೆಯಲ್ಲಿ ಹೇನು ಬೆಳಕು ಕಂಡೊಡನೆ ಓಡಿ ಅಡಗುತ್ತದೆ. ಒದ್ದೆ ಜಾರುಗೂದಲಲ್ಲಿ ಅಷ್ಟು ಚುರುಕಾಗಿ ಓಡಲಾರದು. ಹಾಗಾಗಿ ಕಂಡೀಷನರ್ ತೊಳೆಯದೆಯೇ ಬಾಚಬೇಕು. ಕೂದಲನ್ನು ಬೆರಳಗಲದ ಎಳೆಗಳಾಗಿ ಬಿಡಿಸಿ, ಉಳಿದದ್ದಕ್ಕೆ ಕ್ಲಿಪ್ ಹಾಕಿ. ಸೀರಣಿಗೆಯ ಹಲ್ಲು ನೆತ್ತಿಯ ಚರ್ಮಕ್ಕೆ ತಾಗಲೇಬೇಕು, ಯಾಕೆಂದರೆ ಸೀರು ಇರುವುದು ಕೂದಲಿನ ಬುಡದ ಹತ್ತಿರ. ಬುಡದಿಂದ ತುದಿಯವರೆಗೆ ಒಂದೇ ಎಳೆತ. ಪ್ರತಿ ಎಳೆತಕ್ಕೂ ಹಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಒಂದೊಂದು ಎಳೆಯನ್ನೂ ಮೇಲಿನಿಂದ, ಕೆಳಗಿನಿಂದ, ಎರಡೂ ಪಕ್ಕದಿಂದ ಬಾಚಿ. ಉದ್ದ ಕೂದಲಿಗೆ ಅರ್ಧ ಗಂಟೆ ಹಿಡಿಯುತ್ತದೆ, ಮಗುವಿನ ಕೈಗೆ ಕಥೆ ಪುಸ್ತಕ ಕೊಡಿ. ಪ್ಲಾಸ್ಟಿಕ್ ಸೀರಣಿಗೆ ಕೊಳ್ಳಲೇಬೇಡಿ. ಹಲ್ಲು ಬಾಗುತ್ತದೆ, ಸೀರು ಸಂದಿಯಲ್ಲಿ ನುಸುಳಿ ಉಳಿಯುತ್ತದೆ. ಒತ್ತೊತ್ತು ಹಲ್ಲಿನ ಸ್ಟೀಲಿನದ್ದೇ ಆಗಬೇಕು.

ಸೀಮೆಎಣ್ಣೆ ಹಚ್ಚುವುದು, ಗಿಡಕ್ಕೆ ಹೊಡೆಯುವ ಔಷಧ ಸವರುವುದು ಈಗಲೂ ಕೆಲವೆಡೆ ಇದೆ. ದಯವಿಟ್ಟು ಬೇಡ. ಸೀಮೆಎಣ್ಣೆಗೆ ಬೆಂಕಿ ತಗಲಿದರೆ ಮಗುವಿನ ಪ್ರಾಣಕ್ಕೇ ಅಪಾಯ, ಕೀಟನಾಶಕ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಅಂಗಡಿಯ ಪರ್ಮೆಥ್ರಿನ್ ಲೋಷನ್ ಹೇನನ್ನು ಕೊಲ್ಲುತ್ತದೆ, ಆದರೆ ಸೀರು ಉಳಿಯುತ್ತದೆ. ಅದಕ್ಕೇ ಸುಮಾರು 9 ದಿನಕ್ಕೆ ಇನ್ನೊಮ್ಮೆ ಹಚ್ಚಬೇಕು. ಎರಡು ವರ್ಷದೊಳಗಿನ ಮಗುವಿಗೆ ವೈದ್ಯರನ್ನು ಕೇಳದೆ ಯಾವ ಔಷಧವೂ ಬೇಡ.

ಬಾಚುವುದನ್ನು 1, 5, 9, 13ನೇ ದಿನ ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ದಿನವೇ ಅಜ್ಜಿ, ಅಪ್ಪ, ಅಕ್ಕ ಎಲ್ಲರ ತಲೆಯನ್ನೂ ನೋಡಿ. ಹಣಿಗೆಯನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ, ದಿಂಬಿನ ಕವರನ್ನು ಬಿಸಿನೀರಲ್ಲಿ ಒಗೆಯಿರಿ. ಮನೆಯಿಡೀ ಸ್ಪ್ರೇ ಹೊಡೆಯುವುದು ಸುಮ್ನೆ ದುಡ್ಡು ದಂಡ, ರಕ್ತ ಸಿಗದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. 17ನೇ ದಿನ ಮತ್ತೆ ಜಗಲಿಯ ಬಿಸಿಲಲ್ಲಿ ಕೂರಿಸಿ ಬಾಚಿ. ಬಿಳಿ ಬಟ್ಟೆಯ ಮೇಲೆ ಒಂದೇ ಒಂದು ಹೇನು ಬಿದ್ದರೂ 1ನೇ ದಿನದಿಂದ ಮತ್ತೆ ಶುರು ಮಾಡಿ.