ಮಳೆ ಕಾಡಿದ ವರ್ಷದ ರೆಡ್ ವೈನ್: ರುಚಿ ನೋಡುವುದು ಹೇಗೆ?

ದ್ರಾಕ್ಷಿಗೆ ಕೆಟ್ಟ ವರ್ಷ ಅಂದರೆ ಏನು ಅಂತ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೂ ಬರುವಾಗ ಮಳೆ ಹಿಡಿದರೆ ಡೌನಿ ಅನ್ನುವ ಬೂಜುರೋಗ ಬಂತು ಅಂತಲೇ ಲೆಕ್ಕ. ವೈನಿಗೆ ಹೆಸರಾದ ಫ್ರಾನ್ಸಿನ ಬೋರ್ಡೊದಲ್ಲೂ 2013ರಲ್ಲಿ ಹವಾಮಾನ ಹೀಗೇ ಕಾಡಿತು. ಹೂವಿನ ಹೊತ್ತಿಗೆ ಚಳಿ, ಮಳೆ. ಮೆರ್ಲೋ ಅನ್ನುವ ಕಪ್ಪು ದ್ರಾಕ್ಷಿ ತಳಿಯ ಬಳ್ಳಿಗಳಲ್ಲಿ ಕಾಯಿ ಸರಿಯಾಗಿ ಕಚ್ಚಲಿಲ್ಲ. ಕೊಯ್ಲಿನ ಹೊತ್ತಿಗೆ ಕೊಳೆರೋಗ ಹತ್ತಿತು. ಕೊಳೆಗೆ ಹೆದರಿ ಎಷ್ಟೋ ಜನ ಬೇಗನೆ ಕೊಯ್ದರು. 1991ರ ನಂತರ ಅಷ್ಟು ಕಡಿಮೆ ಫಸಲು ಬಂದಿರಲಿಲ್ಲ.

ಹಾಗಂತ ಆ ವರ್ಷದ ಬಾಟಲಿ ಸಿಕ್ಕರೆ ಬೇಡ ಅನ್ನಬೇಡಿ. ಒಳ್ಳೆಯ ತೋಟದವರು ಕೊಳೆತ ಕಾಯಿ ಆರಿಸಿ ಎಸೆದು, ಉಳಿದದ್ದರಲ್ಲೇ ವೈನ್ ಮಾಡಿರುತ್ತಾರೆ. ಇಂಥ ವರ್ಷದಲ್ಲಿ ಇಸವಿಗಿಂತ ತೋಟದ ಹೆಸರು ನೋಡಿ ಕೊಳ್ಳುವುದೇ ಜಾಣತನ.

ಹಳೆಯ ಬಾಟಲಿಯಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಸಿ ತಳಕ್ಕಿಳಿಯುತ್ತದೆ. ರೆಡ್ ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವ ಮಾತು ಚಳಿ ದೇಶದ್ದು. ವಿಜಯಪುರದ ಏಪ್ರಿಲ್‌ನಲ್ಲಿ ಅದನ್ನು ಪಾಲಿಸಿದರೆ ಬಾಯಿಗೆ ಬರೀ ಆಲ್ಕೋಹಾಲ್ ಹತ್ತುತ್ತದೆ. ಫ್ರಿಜ್ಜಿನಲ್ಲಿಡಿ, 16ರಿಂದ 18 ಡಿಗ್ರಿಗೆ ಬಂದರೆ ಸಾಕು.

ಬೂಚನ್ನು ನಿಧಾನಕ್ಕೆ ಎಳೆಯಿರಿ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿದು, ಅಲ್ಲಾಡಿಸದೆ ಒಮ್ಮೆ ಮೂಸಿ. ಆಮೇಲೆ ತಿರುಗಿಸಿ ಇನ್ನೊಮ್ಮೆ ಮೂಸಿ. ಇಲ್ಲಿ ಅವಸರ ಬೇಡ, ಯಾಕಂದರೆ ವರ್ಷದ ಗುಣ ಯಾವುದು, ಬಾಟಲಿಯ ದೋಷ ಯಾವುದು ಅಂತ ಬೇರೆ ಮಾಡಬೇಕಾದದ್ದು ಮೂಗಿನಲ್ಲೇ. ಒದ್ದೆ ರಟ್ಟಿನ ವಾಸನೆ ಬಂದರೆ ಬೂಚು ಕೆಟ್ಟಿದೆ, ವರ್ಷವನ್ನು ಬೈದು ಉಪಯೋಗವಿಲ್ಲ. ವಿನೆಗರ್ ಘಾಟು ಬಂದರೆ ವೈನೇ ಹೋಗಿದೆ. ಹಸಿ ದೊಣ್ಣ ಮೆಣಸಿನಕಾಯಿ ಕೊಯ್ದಾಗ ಬರುತ್ತದಲ್ಲ, ಆ ವಾಸನೆ ಮಾತ್ರ ವರ್ಷದ್ದು. ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ತಳಿಯ ದ್ರಾಕ್ಷಿಯಲ್ಲಿರುವ ಪೈರಜೀನ್ ಅನ್ನುವ ಅಂಶ ಬಿಸಿಲಿಗೆ ಮಾಗಿದಂತೆ ಇಳಿಯುತ್ತದೆ. ಮಾಗದಿದ್ದರೆ ಹಾಗೇ ಉಳಿಯುತ್ತದೆ. ಸ್ವಲ್ಪ ಇದ್ದರೆ ನನಗೆ ಇಷ್ಟವೇ. ಹಣ್ಣಿನ ಪರಿಮಳವನ್ನೇ ಮುಚ್ಚಿಹಾಕಿದರೆ ಬೇಡ.

ಈಗ ಒಂದು ಗುಟುಕು. ಬಾಯಿ ತುಂಬ ಆಡಿಸಿ. ಗಾಡಿ ಓಡಿಸುವವರು ಉಗುಳಿಬಿಡಿ, ರುಚಿ ನೋಡುವವರೆಲ್ಲ ಉಗುಳುತ್ತಾರೆ, ಸಂಕೋಚ ಬೇಡ. ಜೊಲ್ಲು ಬಂದರೆ ಹುಳಿ, ಒಸಡು ಹಿಡಿದಂತಾದರೆ ಒಗರು. ಮಳೆಗಾಲ ಕಾಡಿದ ವೈನಿನಲ್ಲಿ ಹುಳಿ ಮುಂದೆ ಬರುತ್ತದೆ, ಮೈ ತೆಳು. ಅದು ತಪ್ಪಲ್ಲ. ನೋಡಬೇಕಾದದ್ದು ನಡುವಿನ ಹೊತ್ತನ್ನು. ಮೊದಲ ಹುಳಿಗೂ ಕೊನೆಯ ಒಗರಿಗೂ ಮಧ್ಯೆ ಹಣ್ಣಿನ ರುಚಿ ಇದೆಯಾ, ಸುಮ್ನೆ ನೀರು ನೀರಾಗಿದೆಯಾ?

ಲೇಬಲ್ ಮೇಲಿನ ಆಲ್ಕೋಹಾಲ್ ಪ್ರಮಾಣ ನೋಡಿ ಹಣ್ಣು ಚೆನ್ನಾಗಿ ಮಾಗಿತ್ತು ಅಂದುಕೊಳ್ಳಬೇಡಿ. ಹಣ್ಣಿನಲ್ಲಿ ಸಕ್ಕರೆ ಸಾಲದ ವರ್ಷ, ಹುದುಗಿ ಆಲ್ಕೋಹಾಲ್ ಆಗಲೆಂದು ರಸಕ್ಕೆ ಸಕ್ಕರೆ ಸೇರಿಸಲು ಬೋರ್ಡೊದಲ್ಲಿ ಅನುಮತಿ ಉಂಟು.

ತೆಳು ವೈನನ್ನು ಗಂಟೆಗಟ್ಟಲೆ ಗಾಳಿಗೆ ಬಿಟ್ಟರೆ ಇದ್ದ ಪರಿಮಳವೂ ಹೋಗುತ್ತದೆ, ತೆರೆದು ಕುಡಿಯಿರಿ. ಜೊತೆಗೆ ಖಾರ ಕಡಿಮೆ ಹಾಕಿದ ಮಟನ್ ಚೆನ್ನ. ಖಾರ ಜಾಸ್ತಿಯಾದರೆ ಒಗರು ಇನ್ನೂ ಒರಟಾಗುತ್ತದೆ.

ಉಳಿದದ್ದಕ್ಕೆ ಬೂಚು ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಇನ್ನೊಮ್ಮೆ ರುಚಿ ನೋಡಿ. ಆಗಲೂ ಹಣ್ಣಿನ ರುಚಿ ನಿಂತಿದ್ದರೆ ಅದೇ ತೋಟದ ಬೇರೆ ವರ್ಷದ ಬಾಟಲಿಯನ್ನೂ ಧೈರ್ಯವಾಗಿ ಕೊಳ್ಳಬಹುದು.